ಸಭೆ ಹೋದಮೇಲೂ ಉಳಿದ ಚರ್ಚು: ತಾಲಿನ್‌ನ ನಿಗುಲಿಸ್ಟೆ

(ಹಳೆಯ ಕಟ್ಟಡಗಳ ಮರುಬಳಕೆ ಕುರಿತು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹಳೆಯ ಕಟ್ಟಡಗಳ ಮರುಬಳಕೆ ಎಂದು ವಿಷಯ ಕೊಟ್ಟಾಗ ಹತ್ತು ಊರಿನ ಹತ್ತು ಕಟ್ಟಡಗಳ ಚಿತ್ರ ತೋರಿಸಿ ಮುಗಿಸಬಹುದಿತ್ತು. ಬೇಡ ಅನ್ನಿಸಿತು. ಒಂದೇ ಕಟ್ಟಡವನ್ನು ಹಿಡಿದು ಕೂತರೆ ಅದು ಯಾಕೆ ಬರಿದಾಯಿತು, ಯಾರು ಉಳಿಸಿದರು, ಉಳಿಸುವ ಭರದಲ್ಲಿ ಏನೇನು ಕೈಬಿಟ್ಟುಹೋಯಿತು ಎಂಬುದೆಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ಹಾಗಾಗಿ ಇವತ್ತು ಪೂರ್ತಿ ಮಾತು ಎಸ್ಟೋನಿಯಾದ ರಾಜಧಾನಿ ತಾಲಿನ್‌ನಲ್ಲಿರುವ ಸಂತ ನಿಕೋಲಾಸನ ಚರ್ಚಿನ ಬಗ್ಗೆ. ಅಲ್ಲಿನವರ ಬಾಯಲ್ಲಿ ಅದು ನಿಗುಲಿಸ್ಟೆ. ನಾನೂರು ವರ್ಷಕ್ಕೂ ಹೆಚ್ಚು ಕಾಲ ಅದು ಲೂಥರನ್ ಸಭೆಯ, ಅಂದರೆ ಮಾರ್ಟಿನ್ ಲೂಥರನ ಪ್ರಾಟೆಸ್ಟಂಟ್ ಪಂಥದ ಭಕ್ತಸಮುದಾಯದ, ಆರಾಧನಾ ಮಂದಿರವಾಗಿತ್ತು. 1984ರಿಂದ ಎಸ್ಟೋನಿಯಾ ಕಲಾ ಸಂಗ್ರಹಾಲಯದ ಒಂದು ಶಾಖೆ, ಜೊತೆಗೆ ಸಂಗೀತ ಕಛೇರಿಗಳ ಸಭಾಂಗಣ.

ಎಸ್ಟೋನಿಯಾ ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ದೇಶ. ಒಂದು ಕಡೆ ಸಮುದ್ರ ದಾಟಿದರೆ ಫಿನ್ಲೆಂಡ್, ಇನ್ನೊಂದು ಕಡೆ ಗಡಿಗೆ ಅಂಟಿಕೊಂಡಂತೆ ರಷ್ಯಾ. ಇಡೀ ದೇಶದ ಜನಸಂಖ್ಯೆ ಸುಮಾರು 13 ಲಕ್ಷ. ಡೇನರು, ಜರ್ಮನ್ ನೈಟ್‌ಗಳು, ಸ್ವೀಡನ್ನಿನ ದೊರೆಗಳು, ರಷ್ಯದ ತ್ಸಾರ್‌ಗಳು ಒಬ್ಬರಾದಮೇಲೆ ಒಬ್ಬರು ಅಲ್ಲಿ ಆಳಿದರು. 1918ರಲ್ಲಿ ಸ್ವತಂತ್ರವಾಯಿತು, 1940ರಲ್ಲಿ ಸೋವಿಯತ್ ಒಕ್ಕೂಟದ ಪಾಲಾಯಿತು, 1941ರಲ್ಲಿ ನಾಜಿಗಳ ಕೈಗೆ ಹೋಯಿತು, 1944ರಲ್ಲಿ ಮತ್ತೆ ಸೋವಿಯತ್ತಿಗೆ, ಕೊನೆಗೆ 1991ರಲ್ಲಿ ಮತ್ತೆ ಸ್ವತಂತ್ರ. ಈ ವರ್ಷಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಚರ್ಚಿನ ಕಥೆ ಇವುಗಳ ಬೆನ್ನಿಗೇ ಬರುತ್ತದೆ.

ನನ್ನ ವಾದ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಆರಾಧನಾ ಸ್ಥಳವನ್ನು ಬೇರೆ ಕೆಲಸಕ್ಕೆ ಕೊಡಬೇಕಾಗಿ ಬಂದರೆ, ಆ ಹೊಸ ಕೆಲಸ ಕಟ್ಟಡಕ್ಕೆ ಮೊದಲೇ ಪರಿಚಯವಿರುವ ಕೆಲಸವಾಗಿರಬೇಕು. ನಿಗುಲಿಸ್ಟೆಯಲ್ಲಿ ಅದು ಆಗಿದೆ. ಬೇರೆ ಹಲವು ಕಡೆ ಆಗಿಲ್ಲ. ಹೇಗೆ ಎಂದು ನೋಡೋಣ.

ಹದಿಮೂರನೇ ಶತಮಾನದಲ್ಲಿ ಬಾಲ್ಟಿಕ್ ಸಮುದ್ರದ ಗೋಟ್‌ಲ್ಯಾಂಡ್ ದ್ವೀಪದ ಕಡೆಯಿಂದ ಬಂದ ಜರ್ಮನ್ ವರ್ತಕರು ಈ ಚರ್ಚನ್ನು ಕಟ್ಟಿಸಿದರು. ನಿಕೋಲಾಸ್ ಸಮುದ್ರಯಾನಿಗಳ, ವರ್ತಕರ ರಕ್ಷಕ ಸಂತ. ಹಡಗಿನಲ್ಲಿ ಜೀವ ಕೈಯಲ್ಲಿ ಹಿಡಿದು ಬಂದವರು ಅವನ ಹೆಸರಿಡದೆ ಇನ್ಯಾರ ಹೆಸರಿಟ್ಟಾರು? ಆಗಿನ್ನೂ ಈ ಭಾಗಕ್ಕೆ ಊರಿನ ಕೋಟೆಗೋಡೆ ಬಂದಿರಲಿಲ್ಲ. ಹಾಗಾಗಿ ಚರ್ಚೇ ಕೋಟೆ. ದಪ್ಪ ಗೋಡೆ, ಬಾಗಿಲಿಗೆ ಭಾರಿ ಅಗುಳಿ, ಅಪಾಯ ಬಂದಾಗ ಜನ ಒಳಗೆ ಸೇರಿಕೊಳ್ಳಲು ಜಾಗ. ಹದಿನಾಲ್ಕನೇ ಶತಮಾನದಲ್ಲಿ ಕೋಟೆಗೋಡೆ ಬಂದಮೇಲೆ ಈ ಕೆಲಸ ತಪ್ಪಿತು. ಹದಿನೈದನೇ ಶತಮಾನದ ಮೊದಲಲ್ಲಿ ನಡುವಿನ ಅಂಕಣವನ್ನು ಎತ್ತರಿಸಿ ಈಗಿರುವ ರೂಪಕ್ಕೆ ತಂದರು. ಮುಂದೆ ಗೋಪುರವೂ ಎತ್ತರವಾಯಿತು. ಇವತ್ತು ಅದರ ತುದಿ 105 ಮೀಟರ್.

ಕಟ್ಟಿದ ಕಥೆ ಇಷ್ಟು ಸಾಕು. ನಿಜವಾದ ಕುತೂಹಲ ಶುರುವಾಗುವುದು 1524ರಿಂದ.

ಜರ್ಮನಿಯಲ್ಲಿ ಕ್ಯಾಥೊಲಿಕ್ ಚರ್ಚಿನ ವಿರುದ್ಧ ಮಾರ್ಟಿನ್ ಲೂಥರ್ ಎಬ್ಬಿಸಿದ ಸುಧಾರಣೆಯ ಗಾಳಿ ಬಾಲ್ಟಿಕ್ ಬಂದರುಗಳಿಗೆ ಬೇಗ ತಲುಪಿತು. ವರ್ತಕರ ಊರುಗಳಲ್ಲಿ ಸುದ್ದಿಯೂ ಪುಸ್ತಕವೂ ಸರಕಿನ ಜೊತೆಯೇ ಇಳಿಯುತ್ತಿದ್ದವು. ಆಗ ರೆವಾಲ್ ಎಂಬ ಹೆಸರಿದ್ದ ತಾಲಿನ್‌ನಲ್ಲಿ 1524ರ ಸೆಪ್ಟೆಂಬರ್ 14ರಂದು ಜನರ ಗುಂಪು ಚರ್ಚುಗಳಿಗೆ ನುಗ್ಗಿತು. ಡೊಮಿನಿಕನ್ ಸಂನ್ಯಾಸಿಗಳ ಮಠ, ಸಂತ ಓಲಾಫನ ಚರ್ಚು, ಪವಿತ್ರಾತ್ಮ ಚರ್ಚು ಇವೆಲ್ಲವುಗಳ ಮೂರ್ತಿ, ಚಿತ್ರ, ಬಲಿಪೀಠಗಳು (ಆರಾಧನೆಯ ವೇದಿಕೆಗಳು) ಒಡೆದುಹೋದವು. ಗುಂಪು ನಿಗುಲಿಸ್ಟೆಯ ಬಾಗಿಲಿಗೆ ಬಂದಾಗ ಮಾತ್ರ ಬಾಗಿಲು ತೆರೆಯಲಿಲ್ಲ. ಸಭೆಯ ಮುಖ್ಯಸ್ಥ ಮೊದಲೇ ಬೀಗಗಳ ಒಳಗೆ ಕರಗಿದ ಸೀಸ ಹೊಯ್ಸಿ ಮುಚ್ಚಿಸಿಬಿಟ್ಟಿದ್ದನೆಂದು ಊರಿನಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಸೀಸದ ಕಥೆಯನ್ನು ನೀವು ನಂಬಿ, ಬಿಡಿ, ಫಲ ಮಾತ್ರ ಕಣ್ಣೆದುರಿಗಿದೆ. ತಾಲಿನ್‌ನ ಚರ್ಚುಗಳಲ್ಲಿ ಆ ಗಲಭೆಯಿಂದ ಪಾರಾದದ್ದು ಇದೊಂದೇ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಲೂಥರನ್ನರು ಎಂದರೆ ವಿಗ್ರಹ ಒಡೆದವರು ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಅದು ಸರಿಯಲ್ಲ. 1522ರ ಮಾರ್ಚ್‌ನಲ್ಲಿ ಲೂಥರನ ಊರಾದ ವಿಟೆನ್‌ಬರ್ಗಿನಲ್ಲಿ ಕೆಲವರು ಅವಸರದಿಂದ ಚಿತ್ರಗಳನ್ನು ಕಿತ್ತೆಸೆಯಲು ಹೊರಟಾಗ, ಅಜ್ಞಾತವಾಸದಲ್ಲಿದ್ದ ಲೂಥರ್ ಓಡಿಬಂದು ಎಂಟು ದಿನ ಒಂದೇ ಸಮನೆ ಪ್ರಸಂಗ (ಧರ್ಮೋಪದೇಶ) ಮಾಡಿ ತಡೆದ. ಚಿತ್ರವನ್ನು ಪೂಜಿಸಬೇಡಿ, ಆದರೆ ಅದು ಗೋಡೆಯ ಮೇಲಿದ್ದರೆ ಕೆಡುಕೇನೂ ಇಲ್ಲ, ಬಲವಂತದಿಂದ ಕೀಳುವುದೇ ತಪ್ಪು ಎಂಬುದು ಅವನ ನಿಲುವಿನ ಸಾರ. ಇದರ ಪರಿಣಾಮ ದೊಡ್ಡದು. ಇನ್ನೊಬ್ಬ ಸುಧಾರಕ ಕ್ಯಾಲ್ವಿನ್‌ನ ಪಂಥದವರ ಊರುಗಳಲ್ಲಿ ಮಧ್ಯಯುಗದ ಚರ್ಚು ಕಲೆ ಬಹುಪಾಲು ನಾಶವಾಯಿತು. ಕ್ಯಾಥೊಲಿಕ್ ಊರುಗಳಲ್ಲಿ ಅದೇ ಹಳೆಯ ಪೀಠಗಳನ್ನು ಹದಿನೇಳನೇ, ಹದಿನೆಂಟನೇ ಶತಮಾನಗಳಲ್ಲಿ ತೆಗೆದು ಆಗಿನ ಅಲಂಕಾರಭರಿತ ಬರೋಕ್ ಶೈಲಿಯ ಹೊಸ ಪೀಠ ಹಾಕಿದರು. ಒಡೆಯುವ ಹಟವೂ ಇಲ್ಲದ, ಹೊಸದು ಮಾಡಿಸುವ ತವಕವೂ ಇಲ್ಲದ ಲೂಥರನ್ನರ ಚರ್ಚುಗಳಲ್ಲಿ ಅವು ಇದ್ದಲ್ಲೇ ಉಳಿದವು. ಉತ್ತರ ಜರ್ಮನಿ, ಸ್ಕ್ಯಾಂಡಿನೇವಿಯಾ, ಬಾಲ್ಟಿಕ್ ನಾಡುಗಳಲ್ಲಿ ಇವತ್ತು ನಾವು ನೋಡುವ ಮಧ್ಯಯುಗದ ಕೆತ್ತನೆಯ ಪೀಠಗಳಲ್ಲಿ ಎಷ್ಟೋ ಹೀಗೆ ಉಳಿದವು. ಸಂತರಿಗೆ ಮೊರೆಯಿಡುವುದನ್ನು ಬಿಟ್ಟವರು ಸಂತರ ಮೂರ್ತಿಗಳನ್ನು ನೂರಾರು ವರ್ಷ ಕಾಪಾಡಿದರು. ನನ್ನ ದೃಷ್ಟಿಯಲ್ಲಿ ಈ ಚರ್ಚು ಸಂಗ್ರಹಾಲಯವಾಗುವ ದಾರಿ ಹಿಡಿದದ್ದು ಸೋವಿಯತ್ ಕಾಲದಲ್ಲಲ್ಲ, 1524ರಲ್ಲೇ. ಅಂದಿನಿಂದಲೇ ಈ ಜನ ತಾವು ಇನ್ನು ಪೂಜಿಸದ ವಸ್ತುಗಳನ್ನು ಗೌರವದಿಂದ ಇಟ್ಟುಕೊಳ್ಳುವುದನ್ನು ರೂಢಿಸಿಕೊಂಡಿದ್ದರು.

ಸುಧಾರಣೆಯ ಬಳಿಕ ಕಟ್ಟಡದ ಒಳಗಿನ ಬದುಕು ಬದಲಾಯಿತು. ಲೂಥರನ್ ಆರಾಧನೆಯಲ್ಲಿ ಕೇಳುವುದಕ್ಕೆ ದೊಡ್ಡ ಸ್ಥಾನ. ಸಭಾಪಾಲಕರ ಪ್ರಸಂಗ ದೀರ್ಘವಾಗಿರುತ್ತಿತ್ತು, ನಿಂತು ಕೇಳಲು ಆಗದು, ಹಾಗಾಗಿ ಸಾಲುಸಾಲು ಬೆಂಚುಗಳು ಬಂದವು. ಸಭೆಯವರೆಲ್ಲ ತಮ್ಮ ಭಾಷೆಯಲ್ಲಿ ಒಟ್ಟಾಗಿ ಹಾಡತೊಡಗಿದರು, ಅವರನ್ನು ನಡೆಸಲು ಆರ್ಗನ್, ಅಂದರೆ ಗಾಳಿಯಿಂದ ನುಡಿಯುವ ಕೊಳವೆಗಳ ದೊಡ್ಡ ವಾದ್ಯ, ಬೇಕಾಯಿತು. ಕಂಬಗಳ ಮೇಲೆ, ಗೋಡೆಗಳ ಮೇಲೆ ಜರ್ಮನ್ ಕುಲೀನರ ವಂಶಲಾಂಛನಗಳ ಕೆತ್ತನೆಯ ಮರದ ಫಲಕಗಳು ಏರಿದವು. ನೆಲದಡಿ ಸಮಾಧಿಗಳು.

ಸಮಾಧಿ ಎಂದಾಗ ಒಂದು ವಿಚಿತ್ರ ಪ್ರಸಂಗ ಹೇಳಲೇಬೇಕು. 1700ರ ನವೆಂಬರ್‌ನಲ್ಲಿ ನಾರ್ವಾದ ಯುದ್ಧದಲ್ಲಿ ತ್ಸಾರ್ ಪೀಟರನ ಸೈನ್ಯ ಸ್ವೀಡನ್ನಿನ ಕೈಯಲ್ಲಿ ಸೋತಿತು. ಆ ಸೈನ್ಯದ ದಂಡನಾಯಕ ಡ್ಯೂಕ್ ಚಾರ್ಲ್ಸ್ ಯುಜೀನ್ ದ ಕ್ರೊಯ್ ಸೆರೆಯಾಗಿ ತಾಲಿನ್‌ಗೆ ಬಂದ. ಅಲ್ಲಿ ಸಾಲ ಮಾಡಿಕೊಂಡು ಬದುಕಿ 1702ರಲ್ಲಿ ತೀರಿಕೊಂಡ. ಸಾಲ ಕೊಟ್ಟವರು ಹಣ ಬರುವವರೆಗೆ ಹೆಣ ಹೂಳಬಾರದೆಂದು ತಡೆದರು. ದೇಹ ನಿಗುಲಿಸ್ಟೆಯಲ್ಲೇ ಉಳಿಯಿತು, ಕೊಳೆಯದೆ ಒಣಗಿತು. ಹತ್ತೊಂಬತ್ತನೇ ಶತಮಾನದಲ್ಲಿ ಜನ ಅದನ್ನು ನೋಡಲು ಬರುತ್ತಿದ್ದರು. ಕೊನೆಗೆ ಮಣ್ಣು ಕಂಡದ್ದು 1897ರಲ್ಲಿ. ಸತ್ತವನ ಮರ್ಯಾದೆ ಹೀಗೆ ಕಳೆದದ್ದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಈ ಪ್ರಸಂಗ ಇನ್ನೊಂದನ್ನೂ ತಿಳಿಸುತ್ತದೆ: ಚರ್ಚು ಚರ್ಚಾಗಿದ್ದಾಗಲೂ ಅಲ್ಲಿ ಬರೀ ಪ್ರಾರ್ಥನೆಯೇ ನಡೆಯುತ್ತಿರಲಿಲ್ಲ. ಊರಿನ ಸಂಪತ್ತು, ವ್ಯಾಜ್ಯ, ಕುತೂಹಲ ಎಲ್ಲವೂ ಅಲ್ಲಿಗೆ ಬರುತ್ತಿದ್ದವು.

ಈಗ ಇಪ್ಪತ್ತನೇ ಶತಮಾನಕ್ಕೆ ಬರೋಣ. ಚರ್ಚು ಬರಿದಾಗಿದ್ದು ಬಾಂಬಿನಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಸಭೆ ಹೋದದ್ದು ಅದಕ್ಕೂ ಮೊದಲು. ನಿಗುಲಿಸ್ಟೆ ಊರಿನ ಜರ್ಮನ್ ಭಾಷಿಕರ ಸಭೆಯ ಚರ್ಚಾಗಿತ್ತು. 1939ರಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ನಡುವೆ ಒಪ್ಪಂದವಾದಮೇಲೆ ಬಾಲ್ಟಿಕ್ ಜರ್ಮನ್ನರನ್ನು ಜರ್ಮನಿಯ ಹಿಡಿತದ ಪ್ರದೇಶಗಳಿಗೆ ಸಾಗಿಸಲಾಯಿತು. ಏಳು ನೂರು ವರ್ಷ ನೆಲೆಸಿದ್ದ ಸಮುದಾಯ ಕೆಲವೇ ತಿಂಗಳಲ್ಲಿ ಹಡಗು ಹತ್ತಿತು. ತಾತಮುತ್ತಾತಂದಿರ ಹೆಸರಿನ ಕಲ್ಲುಗಳು ನೆಲದಲ್ಲೇ ಉಳಿದವು.

1944ರ ಮಾರ್ಚ್ 9ರ ರಾತ್ರಿ ಸೋವಿಯತ್ ವಿಮಾನಗಳು ನಾಜಿಗಳ ವಶದಲ್ಲಿದ್ದ ತಾಲಿನ್ ಮೇಲೆ ಬಾಂಬು ಸುರಿದವು. ನಿಗುಲಿಸ್ಟೆ ಹೊತ್ತಿ ಉರಿಯಿತು. ಗೋಪುರದ ಶಿಖರ ಬಿತ್ತು, ಚಾವಣಿ ಹೋಯಿತು, ಬೆಂಚುಗಳು, ಪ್ರಸಂಗಪೀಠ, ಮೇಲಂತಸ್ತಿನ ಕೆತ್ತನೆ ಎಲ್ಲ ಬೂದಿಯಾದವು. ಪಕ್ಕದ ಹಾರ್ಯು ಬೀದಿಯ ಮನೆಗಳು ನೆಲಸಮವಾದವು. ಆದರೆ ಮುಖ್ಯ ಕಲಾಕೃತಿಗಳನ್ನು ದಾಳಿಗೆ ಮುಂಚೆಯೇ ಬೇರೆಡೆಗೆ ಒಯ್ದಿದ್ದರು. ನಾನು ಕೈಮುಗಿದು ನೆನೆಯುವುದು ಆ ಪೆಟ್ಟಿಗೆಗಳನ್ನು ಕಟ್ಟಿ, ಹೊತ್ತು, ಸಾಗಿಸಿದವರನ್ನು. ಮುಂದಿನ ಕಥೆಯೆಲ್ಲ ಅವರ ದಯೆ.

ಅದೇ ವರ್ಷದ ಶರತ್ಕಾಲದಲ್ಲಿ ಸೋವಿಯತ್ ಆಡಳಿತ ಮರಳಿತು. ಬಾಂಬು ಹಾಕಿದ ಪ್ರಭುತ್ವದ ಅಡಿಯಲ್ಲೇ ಮುಂದೆ ದುರಸ್ತಿಯೂ ನಡೆಯಿತು. 1953ರಲ್ಲಿ ಶುರುವಾದ ಕೆಲಸ ಮೂರು ದಶಕ ಹಿಡಿಯಿತು. ಧರ್ಮವನ್ನೇ ಒಪ್ಪದ ಸರ್ಕಾರ ಚರ್ಚನ್ನು ಯಾಕೆ ಕಟ್ಟಿತು ಎಂದು ಕೇಳಬಹುದು. ಅಲ್ಲಿನ ವಾಸ್ತುಶಿಲ್ಪಿಗಳು, ಇತಿಹಾಸಕಾರರು, ಕುಶಲಕರ್ಮಿಗಳು ಈ ಕಟ್ಟಡವನ್ನು ಊರಿನ ಸ್ಮಾರಕವಾಗಿ ಕಂಡರು, ಆ ಮಾತಿನಲ್ಲೇ ಅಧಿಕಾರಿಗಳನ್ನು ಒಪ್ಪಿಸಿದರು. 1966ರಲ್ಲಿ ತಾಲಿನ್‌ನ ಹಳೆಯ ಊರನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಸೋವಿಯತ್ ಒಕ್ಕೂಟದಲ್ಲಿ ಅಂಥ ಘೋಷಣೆ ಅದೇ ಮೊದಲು. 1980ರ ಮಾಸ್ಕೋ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗಳು ತಾಲಿನ್‌ನಲ್ಲಿ ನಡೆಯುವುದೆಂದು ಗೊತ್ತಾದಮೇಲೆ ಹಳೆಯ ಊರಿನ ದುರಸ್ತಿಗೆ ವೇಗ ಬಂತು.

ಇನ್ನೇನು ಮುಗಿಯಿತು ಎನ್ನುವ ಹೊತ್ತಿಗೆ, 1982ರ ಅಕ್ಟೋಬರ್‌ನಲ್ಲಿ ಗೋಪುರಕ್ಕೆ ಮತ್ತೆ ಬೆಂಕಿ ಬಿತ್ತು. ಹೊಸದಾಗಿ ಕಟ್ಟಿದ ಶಿಖರ ಊರವರ ಕಣ್ಣೆದುರೇ ಉರಿದು ಬಿತ್ತು. ಮೂವತ್ತು ವರ್ಷ ದುಡಿದ ಬಡಗಿ, ಕಲ್ಲುಕುಟಿಗರಿಗೆ ಅದು ಹೇಗಾಗಿರಬೇಕು! ಆದರೂ ಕೈಚೆಲ್ಲಲಿಲ್ಲ. ಇನ್ನೊಮ್ಮೆ ಶಿಖರ ಎಬ್ಬಿಸಿ, 1984ರಲ್ಲಿ ಸಂಗ್ರಹಾಲಯ ಮತ್ತು ಸಂಗೀತ ಸಭಾಂಗಣವಾಗಿ ಬಾಗಿಲು ತೆರೆದರು.

ಅದೇ ಕಾಲದ ಬೇರೆ ಲೂಥರನ್ ಚರ್ಚುಗಳಿಗೆ ಏನಾಯಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಲೆನಿನ್‌ಗ್ರಾಡ್‌ನಲ್ಲಿ, ಅಂದರೆ ಇಂದಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ನೆವ್‌ಸ್ಕಿ ಎಂಬ ಮುಖ್ಯ ಬೀದಿಯಲ್ಲಿ ಸಂತ ಪೇತ್ರನ ಲೂಥರನ್ ಚರ್ಚಿದೆ. ಅದನ್ನು 1962ರ ಹೊತ್ತಿಗೆ ಈಜುಕೊಳ ಮಾಡಿದರು. ಬಲಿಪೀಠವಿದ್ದ ಕಡೆ ನೀರಿಗೆ ಧುಮುಕುವ ಹಲಗೆ, ಬದಿಯಲ್ಲಿ ಪ್ರೇಕ್ಷಕರ ಮೆಟ್ಟಿಲು. ಸೋವಿಯತ್ ಆಡಳಿತ ಮುಗಿದು ಚರ್ಚು ಸಭೆಯವರ ಕೈಗೆ ಮರಳಿದಾಗ ಆ ಕಾಂಕ್ರೀಟ್ ತೊಟ್ಟಿಯನ್ನು ಒಡೆದರೆ ಕಟ್ಟಡಕ್ಕೇ ಅಪಾಯ ಎಂದು ತಿಳಿಯಿತು. ಹಾಗಾಗಿ ಅದರ ಮೇಲೆ ಹೊಸ ನೆಲ ಹಾಸಿ ಆರಾಧನೆ ಶುರುಮಾಡಿದರು. ತೊಟ್ಟಿ ಈಗಲೂ ಕೆಳಗಿದೆ. ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಯುದ್ಧದಿಂದ ಪಾರಾಗಿದ್ದ ವಿಶ್ವವಿದ್ಯಾಲಯದ ಚರ್ಚನ್ನು 1968ರ ಮೇ 30ರಂದು ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಸಿಡಿಮದ್ದಿಟ್ಟು ಉರುಳಿಸಿತು. ಇವುಗಳನ್ನು ನೋಡಿದಮೇಲೆ ನಿಗುಲಿಸ್ಟೆಗೆ ಒಲಿದದ್ದು ಎಂಥ ಭಾಗ್ಯ ಎಂದು ಅರ್ಥವಾಗುತ್ತದೆ.

ಈಗ ಒಳಗೆ ಹೋಗೋಣ. ಅಲ್ಲಿ ಎರಡು ಕೃತಿಗಳನ್ನು ನಾನು ಹತ್ತಿರದಿಂದ ತೋರಿಸಬೇಕು.

ಮೊದಲನೆಯದು ಮುಖ್ಯ ಬಲಿಪೀಠದ ಹಿಂದಿನ ಕೆತ್ತನೆ–ಚಿತ್ರಗಳ ದೊಡ್ಡ ಕಪಾಟು. ಉತ್ತರ ಜರ್ಮನಿಯ ಲ್ಯೂಬೆಕ್ ನಗರದ ಹೆರ್ಮೆನ್ ರೋಡೆ ಎಂಬ ಕಲಾವಿದನ ಕಾರ್ಯಾಗಾರದಲ್ಲಿ 1478ರಿಂದ 1481ರವರೆಗೆ ತಯಾರಾಗಿ ಸಮುದ್ರದ ಮೇಲೆ ಬಂದದ್ದು. ತೆರೆದಾಗ ಅಗಲ ಆರು ಮೀಟರಿಗೂ ಹೆಚ್ಚು. ಇದಕ್ಕೆ ಎರಡು ಜೊತೆ ರೆಕ್ಕೆಗಳಿವೆ, ಅಂದರೆ ಬಾಗಿಲೊಳಗೆ ಬಾಗಿಲು. ಎಲ್ಲ ಮುಚ್ಚಿದಾಗ ಒಂದು ನೋಟ. ಹೊರಗಿನ ಜೋಡಿ ತೆರೆದರೆ ಸಂತ ನಿಕೋಲಾಸನ ಮತ್ತು ಸಂತ ವಿಕ್ಟರನ ಜೀವನದ ಕಥೆಗಳು ಚಿತ್ರಗಳಲ್ಲಿ. ಒಳಗಿನ ಜೋಡಿಯನ್ನೂ ತೆರೆದರೆ ಎರಡು ಸಾಲಿನಲ್ಲಿ ನಿಂತ ನಲವತ್ತಕ್ಕೂ ಹೆಚ್ಚು ಮರದ ಮೂರ್ತಿಗಳು, ಚಿನ್ನದ ಲೇಪದೊಂದಿಗೆ. ಮಧ್ಯಯುಗದಲ್ಲಿ ಇಂಥ ಪೀಠಗಳು ವರ್ಷವಿಡೀ ತೆರೆದಿರುತ್ತಿರಲಿಲ್ಲ. ಸಾಮಾನ್ಯ ದಿನ ಮುಚ್ಚಿ, ದೊಡ್ಡ ಹಬ್ಬಕ್ಕೆ ಪೂರ್ತಿ ತೆರೆಯುತ್ತಿದ್ದರು. ಹೊಗೆ, ದೂಳು, ಬೆಳಕು ಒಳಗಿನ ಬಣ್ಣಕ್ಕೆ ತಾಗಿದ್ದು ಕಡಿಮೆ. ಅದಕ್ಕೇ ಆ ಬಣ್ಣಗಳು ಐದು ನೂರು ವರ್ಷದ ಮೇಲೂ ಅಷ್ಟು ನಿಚ್ಚಳ. 2013ರಿಂದ ಕೆಲವು ವರ್ಷ ಸಂಗ್ರಹಾಲಯದವರು ಇನ್‌ಫ್ರಾರೆಡ್, ಎಕ್ಸ್‌ರೇ ಉಪಕರಣಗಳಿಂದ ಈ ಕೃತಿಯನ್ನು ಪದರಪದರವಾಗಿ ಪರೀಕ್ಷಿಸಿದರು, ಬಣ್ಣದಡಿಯ ರೇಖೆಗಳನ್ನು ಓದಿದರು. ಈ ಅಧ್ಯಯನ ನಡೆದದ್ದು ಪೀಠ ಹುಟ್ಟಿದಂದಿನಿಂದ ಸೇರಿದ ಮನೆಯಲ್ಲೇ ಎಂಬುದು ನನಗೆ ಬಹಳ ಮುಖ್ಯ. ಎಷ್ಟೋ ಸಂಗ್ರಹಾಲಯಗಳಲ್ಲಿ ಬಲಿಪೀಠದ ಚಿತ್ರಗಳು ಬಿಳಿ ಗೋಡೆಗೆ ತೂಗುಬಿದ್ದಿರುತ್ತವೆ. ನೋಡುವವರಿಗೆ ಅವು ಎಷ್ಟು ದೂರದಿಂದ, ಯಾವ ಎತ್ತರದಲ್ಲಿ, ಯಾವ ಕಿಟಕಿಯ ಬೆಳಕಿನಲ್ಲಿ ಕಾಣಬೇಕಿತ್ತು ಎಂಬುದು ಗೊತ್ತಾಗುವುದೇ ಇಲ್ಲ.

ಎರಡನೆಯದು ಸಂತ ಆಂತೋನಿಯ ಉಪಮಂದಿರದಲ್ಲಿರುವ ಮರಣ ನೃತ್ಯದ ಚಿತ್ರ. ಇದೂ ಲ್ಯೂಬೆಕ್‌ನವನೇ ಆದ ಬೆರ್ಂಟ್ ನೋಟ್ಕೆಯದು, ಹದಿನೈದನೇ ಶತಮಾನದ ಕೊನೆಯ ಭಾಗದ್ದು. ಬಟ್ಟೆಯ ಮೇಲೆ ಬರೆದದ್ದು. ಮೂಲದಲ್ಲಿ ಸುಮಾರು 30 ಮೀಟರ್ ಉದ್ದವಿತ್ತೆಂದು ಲೆಕ್ಕ. ಉಳಿದಿರುವುದು ಏಳೂವರೆ ಮೀಟರ್ ಉದ್ದ, 1.6 ಮೀಟರ್ ಎತ್ತರದ ತುಂಡು. ಎಡತುದಿಯಲ್ಲಿ ಪ್ರಸಂಗಪೀಠದಲ್ಲಿ ಒಬ್ಬ ಬೋಧಕ. ಅವನ ಪಕ್ಕದಲ್ಲೇ ಕೆಳಗೆ ಕೂತ ಅಸ್ಥಿಪಂಜರದಂಥ ಸಾವು ಚೀಲದ ಕೊಳಲು, ಬ್ಯಾಗ್‌ಪೈಪ್, ಊದುತ್ತಿದೆ. ಇನ್ನೊಂದು ಸಾವು ಹೆಗಲ ಮೇಲೆ ಶವಪೆಟ್ಟಿಗೆ ಹೊತ್ತು ಹೆಜ್ಜೆ ಹಾಕುತ್ತಿದೆ. ಆಮೇಲೆ ಸರಪಳಿ: ಪೋಪ್, ಸಾವು, ಚಕ್ರವರ್ತಿ, ಸಾವು, ಚಕ್ರವರ್ತಿನಿ, ಸಾವು, ಕಾರ್ಡಿನಲ್ (ಪೋಪನ ಕೆಳಗಿನ ಹಿರಿಯ ಧರ್ಮಗುರು), ಸಾವು, ರಾಜ. ಎಲ್ಲರೂ ಕೈ ಕೈ ಹಿಡಿದು. ಆದರೆ ಕುಣಿಯುತ್ತಿರುವುದು ಸಾವು ಮಾತ್ರ. ಬದುಕಿರುವವರು ಭಾರಿ ಉಡುಪಿನಲ್ಲಿ ಕಂಬದ ಹಾಗೆ ನಿಂತುಬಿಟ್ಟಿದ್ದಾರೆ. ಸಾವಿನ ಕಾಲು ಮಡಿಚಿದೆ, ಬಿಳಿ ಹೊದಿಕೆ ಹಾರುತ್ತಿದೆ. ಕೆಳಗೆ ಉತ್ತರ ಜರ್ಮನಿಯ ಹಳೆಯ ಆಡುಭಾಷೆಯಲ್ಲಿ ಪದ್ಯಗಳಿವೆ. ಪ್ರತಿಯೊಬ್ಬರೂ ಇನ್ನಷ್ಟು ಸಮಯ ಬೇಕಿತ್ತೆಂದು ಗೋಳಾಡುತ್ತಾರೆ, ಸಾವು ಉತ್ತರ ಕೊಟ್ಟು ಮುಂದಿನವರನ್ನು ಕರೆಯುತ್ತದೆ.

ಇದೇ ಕಲಾವಿದ ಲ್ಯೂಬೆಕ್‌ನ ಸಂತ ಮರಿಯಳ ಚರ್ಚಿಗೂ ಮರಣ ನೃತ್ಯ ಬರೆದಿದ್ದ. ಅದು ಹಾಳಾಗಿ 1701ರಲ್ಲಿ ಪ್ರತಿ ಮಾಡಿಸಿದರು. ಆ ಪ್ರತಿಯೂ 1942ರ ಮಾರ್ಚ್‌ನಲ್ಲಿ ಬ್ರಿಟಿಷ್ ಬಾಂಬುಗಳಿಗೆ ಸುಟ್ಟುಹೋಯಿತು. ಮಧ್ಯಯುಗದಲ್ಲಿ ಬಟ್ಟೆಯ ಮೇಲೆ ಬರೆದ ಮರಣ ನೃತ್ಯದಲ್ಲಿ ಇವತ್ತಿಗೆ ಉಳಿದಿರುವುದು ತಾಲಿನ್‌ನದು ಮಾತ್ರ. 1960ರ ದಶಕದಲ್ಲಿ ಮಾಸ್ಕೋದಲ್ಲಿ ಅದನ್ನು ಶುಚಿಮಾಡಿ ಸರಿಪಡಿಸಿದರು. ಗುಂಪು ಒಡೆಯದೆ, ಬೆಂಕಿ ತಾಗದೆ, ಯುದ್ಧ ನುಂಗದೆ ಬಂದ ಈ ಏಳೂವರೆ ಮೀಟರ್ ಬಟ್ಟೆಯ ಮುಂದೆ ನಿಂತರೆ ಬೇಗ ಕಾಲು ಕೀಳಲು ಆಗುವುದಿಲ್ಲ.

ಈಗ ನನ್ನ ವಾದಕ್ಕೆ ಮರಳುತ್ತೇನೆ. ಈ ಚಿತ್ರ ಮಾಡುತ್ತಿದ್ದ ಕೆಲಸ, ಅಂದರೆ ನೋಡುವವನಿಗೆ ತನ್ನ ಸಾವನ್ನು ನೆನಪಿಸುವುದು, ಸಂಗ್ರಹಾಲಯದಲ್ಲೂ ನಿಂತಿಲ್ಲ. ಟಿಕೆಟ್ ಕೊಂಡು ಬಂದವರಿಗೂ, ಯಾವ ದೇವರನ್ನೂ ನಂಬದವರಿಗೂ ಅದು ನಡೆಯುತ್ತದೆ. ಎಸ್ಟೋನಿಯಾದ ಜನರಲ್ಲಿ ಹೆಚ್ಚಿನವರು ಇವತ್ತು ಯಾವ ಧರ್ಮಕ್ಕೂ ಸೇರಿದವರಲ್ಲ. ಅಂಥ ನಾಡಿನಲ್ಲಿ ಶಾಲೆಯ ಮಕ್ಕಳು ಈ ಚಿತ್ರದೆದುರು ಬಂದು ನಿಲ್ಲುವುದು ಸಣ್ಣ ಸಂಗತಿಯಲ್ಲ.

ಇನ್ನು ನಾದದ ವಿಷಯ. ಕಲ್ಲಿನ ಕಮಾನುಗಳ ಎತ್ತರದ ಕಟ್ಟಡದಲ್ಲಿ ಸ್ವರ ಬೇಗ ಆರುವುದಿಲ್ಲ. ಬೆಂಚು, ಮರದ ಮೇಲಂತಸ್ತು, ಬಟ್ಟೆ ಇದ್ದರೆ ಅವು ಸದ್ದನ್ನು ಸ್ವಲ್ಪ ಹೀರುತ್ತವೆ. ನಿಗುಲಿಸ್ಟೆಯಲ್ಲಿ ಅವೆಲ್ಲ 1944ರಲ್ಲಿ ಸುಟ್ಟುಹೋದ್ದರಿಂದ ಬರಿಯ ಕಲ್ಲು ಉಳಿಯಿತು, ಅನುರಣನ ದೀರ್ಘವಾಯಿತು. ಮಾತು ಇಲ್ಲಿ ಕಲಸಿಹೋಗುತ್ತದೆ, ವೇಗದ ವಾದ್ಯಸಂಗೀತವೂ ಅಷ್ಟೇ. ಆದರೆ ನಿಧಾನದ ವೃಂದಗಾನಕ್ಕೆ, ಆರ್ಗನ್ನಿಗೆ ಇದು ಹೇಳಿಮಾಡಿಸಿದ ಜಾಗ. 1981ರಲ್ಲಿ ಚೆಕೊಸ್ಲೊವಾಕಿಯಾದ ರೀಗರ್–ಕ್ಲೋಸ್ ಕಂಪನಿಯ ನಾಲ್ಕು ಕೀಲಿಮಣೆಗಳ ದೊಡ್ಡ ಆರ್ಗನ್ ಬಂತು. 1987ರಲ್ಲಿ ತಾಲಿನ್‌ನಲ್ಲಿ ಅಂತರರಾಷ್ಟ್ರೀಯ ಆರ್ಗನ್ ಉತ್ಸವ ಶುರುವಾಯಿತು.

ಎಸ್ಟೋನಿಯಾದ ಸಂಗೀತ ರಚನಕಾರ ಅರ್ವೊ ಪ್ಯಾರ್ಟ್ ಹೆಸರು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅವರ ಧಾರ್ಮಿಕ ಸಂಗೀತ ಸೋವಿಯತ್ ಆಡಳಿತಕ್ಕೆ ಸರಿಬರಲಿಲ್ಲ, 1980ರಲ್ಲಿ ದೇಶ ಬಿಟ್ಟರು. ಅಂದರೆ ನಿಗುಲಿಸ್ಟೆಯ ದುರಸ್ತಿ ಕೊನೆಯ ಹಂತದಲ್ಲಿದ್ದಾಗ ಅವರು ಊರಿನಲ್ಲಿರಲಿಲ್ಲ. ಸ್ವಾತಂತ್ರ್ಯ ಬಂದಮೇಲೆ, 1997ರಲ್ಲಿ, ಪಶ್ಚಾತ್ತಾಪದ ಪ್ರಾರ್ಥನೆಗೆ ಅವರು ಸಂಯೋಜಿಸಿದ ದೀರ್ಘ ವೃಂದಗಾನವನ್ನು ಎಸ್ಟೋನಿಯಾದ ಫಿಲ್ಹಾರ್ಮೊನಿಕ್ ಚೇಂಬರ್ ಗಾಯನವೃಂದ ತೊನು ಕಾಲ್ಯುಸ್ತೆಯವರ ನಿರ್ದೇಶನದಲ್ಲಿ ಇದೇ ಕಟ್ಟಡದಲ್ಲಿ ಹಾಡಿ ಧ್ವನಿಮುದ್ರಿಸಿತು. ವಾದ್ಯವಿಲ್ಲ, ಕಂಠ ಮಾತ್ರ. ಸಾಹಿತ್ಯ ಪೂರ್ವ ಯೂರೋಪಿನ ಆರ್ಥಡಾಕ್ಸ್ ಕ್ರೈಸ್ತ ಸಂಪ್ರದಾಯದ ಹಳೆಯ ಸ್ಲಾವಿಕ್ ಭಾಷೆಯದು. ಪ್ಯಾರ್ಟ್ ಅವರ ಇನ್ನೊಂದು ಸಂಕಲನವೂ ಇಲ್ಲೇ ಮುದ್ರಣವಾಗಿ 2014ರಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಪಡೆಯಿತು. ಕ್ಯಾಥೊಲಿಕ್ ವರ್ತಕರು ಕಟ್ಟಿ, ಲೂಥರನ್ ಸಭೆ ಕಾಪಾಡಿ, ನಾಸ್ತಿಕ ಸರ್ಕಾರದ ಕಾಲದಲ್ಲಿ ಪುನಃ ಎದ್ದ ಕಟ್ಟಡದಲ್ಲಿ ಆರ್ಥಡಾಕ್ಸ್ ಪ್ರಾರ್ಥನೆ ನಾದವಾಯಿತು. ಸಭೆಯವರಿದ್ದ ಕಾಲದಲ್ಲೂ ಈ ಕಟ್ಟಡದ ದೊಡ್ಡ ಕೆಲಸ ಕೇಳಿಸುವುದೇ ಆಗಿತ್ತಲ್ಲ, ಅದನ್ನು ಅದು ಈಗಲೂ ಮಾಡುತ್ತಿದೆ.

ಎಲ್ಲವೂ ಸುಲಭ ಎಂದಲ್ಲ. ಚಿತ್ರಕ್ಕೂ ಸಂಗೀತಕ್ಕೂ ಒಂದೇ ಸೂರಿನಡಿ ಹೊಂದಿಕೆ ಕಷ್ಟ. ಮರದ ಹಲಗೆಯ ಮೇಲಿನ ಚಿತ್ರಕ್ಕೆ ಗಾಳಿಯ ತೇವ ಒಂದೇ ಹದದಲ್ಲಿರಬೇಕು. ಚಳಿಗಾಲದಲ್ಲಿ ಬಿಸಿ ಹೆಚ್ಚಿಸಿದರೆ ಮರ ಒಣಗಿ ಬಿರಿಯುತ್ತದೆ, ಬಣ್ಣ ಸಿಪ್ಪೆಯೇಳುತ್ತದೆ. ಕಛೇರಿಗೆ ನೂರಾರು ಜನ ಬಂದು ಕೂತರೆ ಅವರ ಉಸಿರಿನಿಂದಲೇ ತೇವ ಏರುತ್ತದೆ. ಆದ್ದರಿಂದ ಇಂಥ ಕಡೆ ಕಲಾಕೃತಿ ಸಂರಕ್ಷಕರ ಮಾತೂ ಸಂಗೀತ ಏರ್ಪಡಿಸುವವರ ಮಾತೂ ಸದಾ ಜಗ್ಗಾಡುತ್ತವೆ. ಸಂರಕ್ಷಕರ ಮಾತೇ ಗೆಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಕಛೇರಿಯನ್ನು ಇನ್ನೊಂದು ದಿನ ಮಾಡಬಹುದು, ಉದುರಿದ ಬಣ್ಣ ಮತ್ತೆ ಬರುವುದಿಲ್ಲ.

ಇನ್ನೊಂದು ಗಮನಿಸಿದ್ದೀರಾ ಎಂದು ಕೇಳಬೇಕು. ನಿಕೋಲಾಸನ ಹೆಸರಿನ ಚರ್ಚುಗಳೇ ಹೀಗೆ ಕೈಬದಲಾದದ್ದು ಹೆಚ್ಚು. ಬರ್ಲಿನ್‌ನ ನಿಕೋಲಾಯ್ ಚರ್ಚು ಆ ನಗರದ ಅತಿ ಹಳೆಯ ಚರ್ಚು. ಪೌಲ್ ಗೆರ್ಹಾರ್ಟ್‌ನಂಥ ದೊಡ್ಡ ಕೀರ್ತನಕಾರ ಹದಿನೇಳನೇ ಶತಮಾನದಲ್ಲಿ ಅಲ್ಲಿ ಸೇವೆ ಮಾಡಿದ್ದ. ಯುದ್ಧದಲ್ಲಿ ಹಾಳಾಗಿ 1987ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಕೋಪನ್‌ಹೇಗನ್‌ನ ಸಂತ ನಿಕೋಲಾಯ್, ಡೆನ್ಮಾರ್ಕಿನ ಸುಧಾರಕ ಹಾನ್ಸ್ ತೌಸೆನ್ ಲೂಥರನ ಮತ ಬೋಧಿಸಿದ ಜಾಗ, 1795ರ ಮಹಾಬೆಂಕಿಯಲ್ಲಿ ಸುಟ್ಟು ಗೋಪುರ ಮಾತ್ರ ಉಳಿಯಿತು. ಸುತ್ತ ಮಾಂಸದ ಅಂಗಡಿಗಳು ಬಂದವು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಮತ್ತೆ ಕಟ್ಟಿದರು, ಈಗ ಸಮಕಾಲೀನ ಕಲೆಯ ಗ್ಯಾಲರಿ. 1957ರಲ್ಲಿ ಅಲ್ಲಿ ಒಂದು ಕಲಾ ಗ್ರಂಥಾಲಯ ಶುರುವಾಗಿ, ಪುಸ್ತಕ ಎರವಲು ಕೊಡುವ ಹಾಗೆ ಮೂಲ ಚಿತ್ರಗಳನ್ನೇ ಮನೆಗೆ ಎರವಲು ಕೊಡುತ್ತಿತ್ತು. ಹ್ಯಾಂಬರ್ಗ್‌ನ ನಿಕೋಲಾಯ್ ಚರ್ಚಿನ 147 ಮೀಟರ್ ಗೋಪುರ 1874ರಿಂದ ಎರಡು ವರ್ಷ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. 1943ರ ಬಾಂಬುದಾಳಿಯ ನಂತರ ಅದು ಯುದ್ಧದ ಸ್ಮಾರಕ. ಇದು ಕಾಕತಾಳೀಯವಲ್ಲ ಎಂದೇ ನನ್ನ ಎಣಿಕೆ. ನಿಕೋಲಾಸ್ ವರ್ತಕರ ಸಂತ, ಅವನ ಚರ್ಚುಗಳು ಬಂದರು–ಪೇಟೆಯ ನಡುಮಧ್ಯದಲ್ಲಿ. ಬೆಂಕಿ ಬಿದ್ದರೂ, ಬಾಂಬು ಬಿದ್ದರೂ ಮೊದಲು ಸಿಗುವ ಜಾಗ ಅದು. ಕಾಲ ಬದಲಾದಂತೆ ಪೇಟೆಯ ಮಧ್ಯದಲ್ಲಿ ಮನೆ ಮಾಡಿಕೊಂಡಿರುವವರೂ ಕಡಿಮೆಯಾಗುತ್ತಾರೆ, ಕಚೇರಿ–ಅಂಗಡಿಗಳೇ ತುಂಬುತ್ತವೆ. ಜನ ನೆಲೆಸಿಲ್ಲದ ಬೀದಿಯಲ್ಲಿ ಸಭೆ ಎಲ್ಲಿಂದ ಬರಬೇಕು?

ಸಭಿಕರೊಬ್ಬರು ಈಗಷ್ಟೇ ಚೀಟಿ ಕಳಿಸಿದ್ದಾರೆ: "ಪ್ರಾರ್ಥನೆ ನಿಂತ ಜಾಗವನ್ನು ಉಳಿಸಿದೆವು ಎಂದು ಹೇಳುವುದು ಸರಿಯೇ?" ಒಳ್ಳೆಯ ಪ್ರಶ್ನೆ. ಪೂರ್ತಿ ಉಳಿಸಿದ್ದೇವೆ ಎಂದು ನಾನು ಹೇಳಲಾರೆ. ಮಗುವಿಗೆ ದೀಕ್ಷಾಸ್ನಾನ, ಮದುವೆ, ಅಂತ್ಯಸಂಸ್ಕಾರ ಎಂದು ಒಂದು ಕುಟುಂಬದ ಬದುಕೆಲ್ಲ ಒಂದೇ ಸೂರಿನಡಿ ನಡೆಯುವುದಕ್ಕೆ ಸಂಗ್ರಹಾಲಯ ಬದಲಿಯಾಗದು. ಅಲ್ಲಿ ಪ್ರಾರ್ಥಿಸಿದವರ ಸಂತತಿಗೆ ಈ ನೋವು ಇದ್ದರೆ ಅದನ್ನು ಗೌರವಿಸಬೇಕು. ಆದರೆ 1944ರಲ್ಲಿ ತಾಲಿನ್ ಎದುರಿಗಿದ್ದ ಆಯ್ಕೆ ಸಭೆಯೋ ಸಂಗ್ರಹಾಲಯವೋ ಎಂಬುದಾಗಿರಲಿಲ್ಲ. ಸಭೆ ಆಗಲೇ ಹೊರಟುಹೋಗಿತ್ತು, ಚಾವಣಿ ಇರಲಿಲ್ಲ, ಮಳೆ ಹಿಮ ಒಳಗೆ ಬೀಳುತ್ತಿತ್ತು. ಹಾಗೆ ನಿಂತಿದ್ದ ಗೋಡೆಗಳಿಗೆ ಒಂದು ಯೋಗ್ಯ ಕೆಲಸ ಹುಡುಕಿದರು. ಅದೂ ಹೇಗೆ? ಬಲಿಪೀಠವನ್ನು ಬಲಿಪೀಠದ ಜಾಗದಲ್ಲೇ ಇಟ್ಟರು. ನಡುವೆ ಅಂತಸ್ತು ಹಾಕಿ ಕೋಣೆಗಳಾಗಿ ಸೀಳಲಿಲ್ಲ. ನಾಳೆ ಯಾರಾದರೂ ಅಲ್ಲಿ ಮತ್ತೆ ಆರಾಧನೆ ನಡೆಸಬೇಕೆಂದರೆ ಗೋಡೆ ಒಡೆಯಬೇಕಾಗಿಲ್ಲ, ಕುರ್ಚಿ ಹಾಕಿದರೆ ಸಾಕು. ಪೀಟರ್ಸ್‌ಬರ್ಗಿನ ಆ ತೊಟ್ಟಿಯನ್ನು ನೆನೆಸಿಕೊಂಡರೆ ಈ ವ್ಯತ್ಯಾಸದ ತೂಕ ತಿಳಿಯುತ್ತದೆ.

ಇನ್ನೊಬ್ಬರು ಹೋಗಿ ನೋಡುವುದು ಹೇಗೆ ಎಂದು ಕೇಳಿದ್ದಾರೆ. ಹೆಲ್ಸಿಂಕಿಯಿಂದ ಹಡಗಿನಲ್ಲಿ ಎರಡು ಗಂಟೆ ಚಿಲ್ಲರೆ. ತಾಲಿನ್‌ನ ಪುರಭವನದ ಚೌಕದಿಂದ ನಿಗುಲಿಸ್ಟೆಗೆ ನಡೆದು ಐದು ನಿಮಿಷ. ಈಚಿನ ವರ್ಷಗಳಲ್ಲಿ ಗೋಪುರದೊಳಗೆ ಗಾಜಿನ ಲಿಫ್ಟ್ ಹಾಕಿದ್ದಾರೆ, ಮೇಲಿನಿಂದ ಕೋಟೆಗೋಡೆಗಳೂ ಕೊಲ್ಲಿಯೂ ಕಾಣುತ್ತವೆ. ಆದರೆ ಮೊದಲು ಕೆಳಗೆ ನೋಡಿ, ಲಿಫ್ಟ್ ಆಮೇಲೆ. ವಾರಾಂತ್ಯದ ಮಧ್ಯಾಹ್ನ ಹೋದರೆ ಆರ್ಗನ್ ನುಡಿಸುವುದನ್ನು ಕೇಳುವ ಅವಕಾಶವಿರುತ್ತದೆ, ಹೊರಡುವ ಮುನ್ನ ಸಮಯ ವಿಚಾರಿಸಿಕೊಳ್ಳಿ. ಮರಣ ನೃತ್ಯವಿರುವ ಉಪಮಂದಿರದಲ್ಲಿ ಫ್ಲಾಶ್ ಹಾಕಿ ಫೋಟೊ ತೆಗೆಯಬೇಡಿ, ದಯವಿಟ್ಟು.